ಹನ್ನೊಂದು ನಿಮಿಷ

ತ್ಬಿಲಿಸಿಯ ಈ ಬೀದಿಯಲ್ಲಿ ನನ್ನ ಅಂಗಡಿಗೆ
ಏಳು ಮೆಟ್ಟಿಲು ಇಳಿದು ಬರಬೇಕು.
ಬಂದವರ ಕಾಲು ಮೊದಲು ಕಾಣುತ್ತದೆ,
ಆಮೇಲೆ ಕೈಯಲ್ಲಿರುವ ಕಾಯಿಲೆ,
ಮುಖ ಕೊನೆಗೆ.

ಹಿಟ್ಟು ಮೆತ್ತಿದ ಚಪ್ಪಲಿ ಕಂಡಾಗಲೇ ಗೊತ್ತಾಯಿತು,
ಮೂಲೆಯ ರೊಟ್ಟಿಭಟ್ಟಿಯ ಲಮಾರಾ.
ಅವಳ ಹಿಂದೆ ಬಾಚೋ, ಹದಿಮೂರರವನು,
ಟವೆಲಿನಲ್ಲಿ ಸುತ್ತಿದ ಗೇಮ್ ಕನ್ಸೋಲನ್ನು
ಜ್ವರ ಬಂದ ಬೆಕ್ಕಿನಂತೆ ಎದೆಗವಚಿಕೊಂಡು.

‘ಹನ್ನೊಂದು ನಿಮಿಷ ಆಡತ್ತೆ ಜುಂಬೇರ್ ತಾತ,
ಆಮೇಲೆ ತಾನೇ ಆರಿಹೋಗತ್ತೆ.
ಹತ್ತಕ್ಕೆ ಆರಲ್ಲ, ಹನ್ನೆರಡು ಮುಟ್ಟಲ್ಲ.’

ಸೇತುವೆಯ ಸಂತೆಯಲ್ಲಿ ಕೊಂಡದ್ದಂತೆ,
ತುಕ್ಕು ಹಿಡಿದ ಪದಕ, ಜೋಡಿ ತಪ್ಪಿದ ಚಮಚಗಳ ನಡುವೆ,
ಇನ್ನೂರೈವತ್ತು ಲರಿಗೆ.
ಮಾರಿದವನು ಕೊಟ್ಟ ಗ್ಯಾರಂಟಿ:
ಅವನ ತಾಯಿಯ ಆಣೆ.

‘ರಿಪೇರಿಗೆಷ್ಟು? ಹೊಸದಕ್ಕೆಷ್ಟು?’
ಹೊಸದು ಸಾವಿರದ ಆರುನೂರು ಎಂದೆ.
ಲಮಾರಾ ಲೆಕ್ಕ ಹಾಕುವುದು ರೊಟ್ಟಿಯಲ್ಲಿ.
ಸಾವಿರದ ಮುನ್ನೂರ ಮೂವತ್ಮೂರು ಶೋತಿ;
ಅಷ್ಟು ಸಲ ಉರಿವ ಬಾವಿಯೊಳಕ್ಕೆ ಸೊಂಟ ಬಗ್ಗಬೇಕು.
ಒಳಗಿನ ಅಂಟು ಒಣಗಿದ್ದರೆ ತೊಂಬತ್ತು ಲರಿ,
ಚಿಪ್ಪೇ ಸುಟ್ಟಿದ್ದರೆ ನಾನೂರು;
ಆಗ ಮೂಗಿಗಿಂತ ಮೂಗುತಿ ಭಾರ, ನಾನೇ ಬೇಡ ಅನ್ನುತ್ತೇನೆ.
‘ಬಿಚ್ಚಿ ನೋಡು’ ಅಂದಳು.

ಬಿಚ್ಚಿದೆ. ಆರು ತಿರುಪಿನ ಜಾಗದಲ್ಲಿ ಐದು.
ಹೊಗೆಸೊಪ್ಪಿನ ಜಿಡ್ಡು, ಬೂದುಬಣ್ಣದ ಬೆಕ್ಕಿನ ಕೂದಲು,
ಫ್ಯಾನಿನ ಎಸಳಿಗೆ ಸಿಕ್ಕಿದ ಸೂರ್ಯಕಾಂತಿ ಬೀಜದ ಸಿಪ್ಪೆ.
ಕಾಣದ ಯಾರದೋ ಮನೆಯ ಚಳಿಗಾಲಗಳೆಲ್ಲ
ಪದರ ಪದರವಾಗಿ ಕೂತಿದ್ದವು.
ಅಂಟು ಸುಣ್ಣದ ಹಕ್ಕಳೆಯಂತೆ ಉದುರಿತು.
ಚಿಪ್ಪು ಮಾತ್ರ ಬದುಕಿತ್ತು.
ಇಷ್ಟು ಕಸ ಹೊತ್ತು ಹನ್ನೊಂದು ನಿಮಿಷ ಓಡಿದ್ದೇ ಹೆಚ್ಚು.

ಸಂಜೆ ಲಮಾರಾ ಒಬ್ಬಳೇ ಇಳಿದು ಬಂದಳು.
ಕೌಂಟರಿನ ಮೇಲೆ ಬಿಸಿ ರೊಟ್ಟಿ ಇಟ್ಟಳು, ದನಿ ತಗ್ಗಿಸಿದಳು.
‘ಅದು ತಣ್ಣಗಾಗೋಕೆ ಇಪ್ಪತ್ತು ನಿಮಿಷ ಬೇಕು.
ಅಷ್ಟು ಹೊತ್ತು ಅವನು ಭಟ್ಟಿ ಹತ್ರ ಬರ್ತಾನೆ.
ರೊಟ್ಟಿ ಜೋಡಿಸ್ತಾನೆ, ಸ್ಕೂಲಲ್ಲಿ ಯಾರು ಯಾರಿಗೆ ಹೊಡೆದ್ರು ಅಂತಾನೆ,
ಅರ್ಧ ಹೇಳಿ ಓಡ್ತಾನೆ.
ಉಳಿದರ್ಧ ಮುಂದಿನ ಸಲ ಆರಿದಾಗ.
ಪೂರ್ತಿ ಸರಿ ಮಾಡ್ಬೇಡ ಜುಂಬೇರ್.
ಹದಿನೈದು ನಿಮಿಷಕ್ಕೆ ತಂದು ನಿಲ್ಸು.
ದುಡ್ಡು ಪೂರ್ತಿ ಕೊಡ್ತೀನಿ.’

ನಲವತ್ತು ವರ್ಷದಲ್ಲಿ ಅರ್ಧ ರಿಪೇರಿ
ಎಷ್ಟೋ ಮಾಡಿದ್ದೇನೆ.
ಬೇಕೆಂದೇ ಮಾಡಿದ್ದು ಒಂದೂ ಇಲ್ಲ.

ಹಳೇ ಅಂಟು ಕೆರೆದೆ. ಹೊಸದನ್ನು
ಬಟಾಣಿ ಗಾತ್ರದಷ್ಟು ಇಟ್ಟೆ.
ಬೆರಳು ಒಂದು ಕ್ಷಣ ತಡೆಯಿತು:
ತುಸು ಕಡಿಮೆ ಸವರಿದರೆ?
ಫ್ಯಾನಿನ ಆ ಸಿಪ್ಪೆಯನ್ನು ಅಲ್ಲೇ ಬಿಟ್ಟರೆ?
ಕೈ ಕೇಳಲಿಲ್ಲ. ಕೈಗೆ ತಾಯಂದಿರ ವಿಷಯ ತಿಳಿಯದು.
ಆರನೆಯ ತಿರುಪನ್ನೂ ಹುಡುಕಿ ಹಾಕಿತು.

ರಾತ್ರಿ ಪರೀಕ್ಷೆಗೆಂದು ನಾನೇ ಆಡಿದೆ, ಫುಟ್ಬಾಲು.
ಹನ್ನೊಂದನೆಯ ನಿಮಿಷಕ್ಕೆ ಉಸಿರು ಬಿಗಿಹಿಡಿದೆ.
ಹನ್ನೆರಡು. ಮೂವತ್ತು.
ಏಳು ಗೋಲುಗಳಿಂದ ಸೋತೆ, ಮತ್ತೆ ಸೋತೆ,
ಮೇಲಿನ ಬೀದಿಯಲ್ಲಿ ಹಾಲಿನ ವ್ಯಾನು ಬಂದಾಗ
ಇನ್ನೂ ಸೋಲುತ್ತಿದ್ದೆ.
ಅರವತ್ತೆಂಟು ವರ್ಷ, ನಾಚಿಕೆಯಾಗಬೇಕಿತ್ತು.

ತೊಂಬತ್ತರ ಬದಲು ಎಪ್ಪತ್ತು ತೆಗೆದುಕೊಂಡೆ.
ಲಮಾರಾ ಎಣಿಸಿ ಕೊಟ್ಟಳು,
ಮುಖ ನೋಡಲಿಲ್ಲ.

ವಾರದ ಮೇಲೆ ಮೆಟ್ಟಿಲಲ್ಲಿ ಬಾಚೋನ ಬೂಟು, ಲೇಸು ಬಿಚ್ಚಿದ್ದು.
ಕೈಯಲ್ಲಿ ಕಾಯಿಲೆ ಏನೂ ಇರಲಿಲ್ಲ.
‘ಅಮ್ಮ ಕರೆಂಟಿನ ವೈರು ಕಿತ್ತು
ಏಪ್ರನ್ ಜೇಬಲ್ಲಿ ಹಾಕ್ಕೊಂಡು ಹೋಗ್ತಾಳೆ.
ಬೇಕು ಅಂದ್ರೆ ಭಟ್ಟಿಗೇ ಹೋಗಿ ಕೇಳ್ಬೇಕು.
ಕೊಡ್ತಾಳೆ. ಹಿಟ್ಟು ಹತ್ತಿರತ್ತೆ.
ತಾತ, ಅಂಥದ್ದೇ ಇನ್ನೊಂದು ಇದೆಯಾ?’

ನನ್ನ ಬೆನ್ನ ಹಿಂದಿನ ಡಬ್ಬದಲ್ಲಿ
ಅಂಥವು ನಲವತ್ತು.
‘ತಾಳು’ ಎಂದೆ.
ಅವಕ್ಕೆ ಬೆನ್ನು ಹಾಕಿಯೇ
ಎದುರಿನ ಖಾಲಿ ಡ್ರಾಯರುಗಳನ್ನು
ಒಂದೊಂದಾಗಿ ಎಳೆದು ನೋಡತೊಡಗಿದೆ.