ನಾಕು ಬೆರಳು ಹವಾ

ಬೀದರಿನ ಡಿಸೆಂಬರ್, ರಾತ್ರಿ ಎರಡರ ಮ್ಯಾಗ.
ಹೆರಿಗಿ ಆಸ್ಪತ್ರಿಯ ಮೂರನೆ ಮಜಲಾ.
ಸೀಲಿಂಗಿನ ಹಲಗಿ ಸರಿಸಿ ಎದಿತನಾ ಒಳಗ ಹೊಕ್ಕು
ನಿಚ್ಚಣಿಕಿ ಮ್ಯಾಲ ನಿಂತೀನಿ.
ಕೆಳಗ ನಿಚ್ಚಣಿಕಿ ಹಿಡಕೊಂಡ ಘಾಳೆಪ್ಪ
ನಿಂತಲ್ಲೇ ತೂಕಡಿಸ್ತಾನ.

ನನ್ನ ಕೆಲಸ ಹವಾ ಹಂಚೋದು.
ಮಾಳಗಿ ಮ್ಯಾಲಿನ ಮಷಿನ್ ಬಿಸಿ ಹವಾ ಊದ್ತದ,
ತಗಡಿನ ಡಕ್ಟು ಹೊತ್ತು ತರ್ತದ,
ಟೊಂಗಿಗೊಂದು ಡ್ಯಾಂಪರು, ಒಳಗೊಂದು ರೆಕ್ಕಿ,
ಹಿಡಿಕಿ ಹಿಂಗ ತಿರುವಿದ್ರ ಬಾಯಿ ತೆರೀತದ,
ಹಂಗ ತಿರುವಿದ್ರ ಮುಚ್ತದ.
ಭಾಲ್ಕಿ ಕಡಿ ಕಬ್ಬಿಗೆ ನೀರು ಬಿಡ್ತಿದ್ದ ನಮ್ಮವ್ವ
ಇದೇ ವಿದ್ಯಾ ಸಲಿಕಿಲೆ ಮಾಡ್ತಿದ್ಳು.
ಮೊದಲನೆ ಮಡಿ ಎಷ್ಟು ಕುಡಿದ್ರೂ ಸಾಕನ್ನಲ್ಲೋ, ಅಂತಿದ್ಳು,
ಕಡೀ ಮಡಿ ಬೇಕಂತ ಕೇಳೋದೇ ಇಲ್ಲ,
ಸುಮ್ಮನ ಒಣಗ್ತದ.

ಇಲ್ಲಿ ಮೊದಲನೆ ಮಡಿ ಲೆಕ್ಕದ ಸಾಹೇಬರ ಖೋಲಿ.
ಇಂಥಾ ಥಂಡ್ಯಾಗೂ ಹಗಲೆಲ್ಲಾ ಫ್ಯಾನ್ ಹಚ್ಚಿ ಕೂಡ್ತಾರ.
ಕಡೀ ಮಡಿ ಹನ್ನೊಂದನೆ ನಂಬರು:
ಬಾಣಂತೇರು ಆರು ಮಂದಿ, ಕೂಸು ಏಳು.

ಮೊದಲನೆ ರಾತ್ರಿ ಸಾಹೇಬರ ರೆಕ್ಕಿ ಅರ್ಧ ಮುಚ್ಚಿದೆ.
ಎರಡನೆ ರಾತ್ರಿ ಆರನೆ ಖೋಲೀದು ಹಿಂಡಿದೆ,
ಜಾಲರಿ ಸಿಳ್ಳಿ ಹೊಡೀಲಿಕ್ಕತ್ತು,
ಮಲಗಿದ ಕೂಸೆಲ್ಲಾ ಎದ್ದವು,
ಸಿಸ್ಟರ್ ಸಲೋಮಿ ನನ್ನ ಮೂರು ತಲಿಮಾರು ಜಾಲಾಡಿದ್ಳು.
ಮತ್ತ ಅಷ್ಟು ಸಡಿಲು ಬಿಟ್ಟೆ.
ಹನ್ನೊಂದರಾಗ ಮಾತ್ರ ಮೀಟರಿನ ಸಣ್ಣ ಪಂಖಾ
ಮುದುಕನ ಹಂಗ ಒಂದು ಸುತ್ತು ತಿರುಗಿ ಕುಂತುಬಿಡ್ತಿತ್ತು.
ಪಾಯಿಂಟ್ ನಾಕು. ಪಾಯಿಂಟ್ ನಾಕು.

ಇವತ್ತು ಸುಸ್ತಾಗಿ ಇಳದು ಬಾಗಿಲಿಗೆ ಆತು ನಿಂತೆ.
ಕಾಲಿಗೆ ಮೆತ್ತಗ ಏನೋ ಹತ್ತಿತು.
ಹಳೇ ಕೌದಿ ತುಂಡು.
ಬಾಗಿಲ ಕೆಳಗಿನ ಸಂದಿಗೆ
ಒಂದು ನೂಲು ಹಾಯದಂಗ ತುರುಕಿದ್ರು.

ಆಗ ತಿಳೀತು.
ಹೋಗೋ ದಾರಿ ಮುಚ್ಚಿದ ಖೋಲಿಗೆ
ಬರೋ ಹವಾ ಯಾವ ಮುಖದಿಂದ ಬಂದೀತು?

"ಅಮ್ಮಾ, ಇದು ತೆಗೀರಿ."
ಅವಳಿ ಕೂಸಿನ ಅಜ್ಜಿ, ಔರಾದಿನ ತೇಜಮ್ಮ, ಎದ್ದು ಕುಂತ್ಳು.
"ಥಂಡಿ ಬರ್ತದೋ, ಎಳೇ ಜೀವ."
"ಮುಚ್ಚಿದ್ರ ಬಿಸಿ ಬರಲ್ಲಮ್ಮ."
"ಮುಚ್ಚಿದ್ರ ಬಿಸಿ ಬರಲ್ಲಂತ! ಯಾರು ಕಲಿಸಿದ್ರು ನಿನಗ?"
"ತುಂಬಿದ ಕೊಡಕ್ಕ ಮತ್ತ ನೀರು ಹಾಕಿದ್ರ ಹಿಡೀತದೇನು?"
"ಖೋಲಿ ಖಾಲಿನೇ ಅದಲ್ಲೋ ಶಾಣ್ಯಾ."

ಇದಕ್ಕ ನನ್ನ ಹತ್ರ ಜವಾಬಿರಲಿಲ್ಲ.

ಸಿಸ್ಟರ್ ಕೈಲಿಂದ ಬ್ಯಾಂಡೇಜಿನ ಒಂದು ಎಳಿ ಇಸಗೊಂಡು
ಮ್ಯಾಲ ಹತ್ತಿ ಜಾಲರಿಗೆ ಕಟ್ಟಿದೆ.
ನೇತಾಡ್ತು, ಸತ್ತ ಹಲ್ಲಿ ಬಾಲದಂಗ.
"ಘಾಳೆಪ್ಪಾ, ಈಗ ಕೌದಿ ಎಳಿ."
ಎಳೆದ.
ಎಳಿ ಒಂದು ಗಳಿಗಿ ಯೋಚನಿ ಮಾಡ್ತು,
ಆಮ್ಯಾಲ ತುದಿ ನಡುಗಿತು,
ಆಮ್ಯಾಲ ಪೂರಾ ಎದ್ದು
ಬಾಗಿಲ ಕಡಿ ಕೈ ಚಾಚಿತು.
ಮೀಟರಿನ ಪಂಖಾ ಕಣ್ಣಿಗೆ ಕಾಣದಂಗ ತಿರುಗಿತು:
ಒಂದು ಪಾಯಿಂಟ್ ಒಂಬತ್ತು!

ಮುದುಕಿ ಮೀಟರ್ ನೋಡಲಿಲ್ಲ, ಎಳೀನೂ ನೋಡಲಿಲ್ಲ.
ದುಪಟಿ ಒಳಗ ಕೈ ಹಾಕಿ
ಒಂದು ಕೂಸಿನ ಅಂಗಾಲು ಮುಟ್ಟಿದ್ಳು,
ಇನ್ನೊಂದರದ್ದು ಮುಟ್ಟಿದ್ಳು.
ಹತ್ತು ನಿಮಿಷ ಬಿಟ್ಟು ಮತ್ತ ಮುಟ್ಟಿದ್ಳು.
ಏನೂ ಅನ್ನಲಿಲ್ಲ.

ನಸುಕಿನ್ಯಾಗ ಡ್ಯಾಂಪರಿಗೆ ಗುರುತಿನ ಗೀಟು ಎಳೀಲಿಕ್ಕೆ ಬಂದೆ.
ಕೌದಿ ತನ್ನ ಜಾಗಾಕ್ಕ ವಾಪಸ್ ಬಂದಿತ್ತು.
ಸಿಟ್ಟು ನೆತ್ತಿಗೇರಿ ಬಗ್ಗಿದೆ,
ನೋಡಿದ್ರ ಒಂದು ತುದಿ ಮಡಚಿಟ್ಟಿದ್ಳು,
ಬರೋಬ್ಬರಿ ನಾಕು ಬೆರಳು ಬಯಲು.
ಅಳತಿ ಹಿಡದೆ: ಒಂದು ಪಾಯಿಂಟ್ ಎರಡು.
ಕಾಗದದ ಪ್ರಕಾರ ಕಮ್ಮಿ.
ಮುದುಕಿ ಗೋಡಿಗೆ ಒರಗಿ ಬಾಯಿ ತೆರೆದು ಮಲಗಿದ್ಳು,
ಎರಡೂ ಕೂಸು ದುಪಟಿ ಒದ್ದು ಹಾಕಿದ್ದವು.

ಸಾಹೇಬರ ರೆಕ್ಕಿ ಇನ್ನೊಂದು ಕೂದಲೆಳಿ ತಿರುವಿ
ನಟ್ಟು ಬಿಗಿ ಮಾಡಿದೆ.
ರಜಿಸ್ಟರಿನ್ಯಾಗ, ಹನ್ನೊಂದನೆ ಖೋಲಿ, ಷರಾ ಖಾನೇದಾಗ
"ಅಜ್ಜಿ, ನಾಕು ಬೆರಳು" ಅಂತ ಬರದೆ,
ಹೊಡದು ಹಾಕಿದೆ.
ಘಾಳೆಪ್ಪ ಚಾ ಕುಡ್ಯಾಕ ಕರೀಲಿಕ್ಕತ್ತಿದ್ದ.
ಮತ್ತ ಅದನ್ನೇ ಬರದೆ.