ಕೈಗಡ

ಪೀಣ್ಯ ಎರಡನೇ ಹಂತದಲ್ಲಿ ನಾವು
ಲಿಫ್ಟಿನ ಮಿದುಳು ಮಾಡುತ್ತೇವೆ.
ಅಂಗೈಯಗಲದ ಹಸಿರು ಬೋರ್ಡು,
ಮೂವತ್ತೆರಡು ಕೆಬಿ ಜಾಗ, ಅದರೊಳಗೆ
ತಿಪ್ಪೇಸ್ವಾಮಿಯವರು ಹತ್ತೊಂಬತ್ತು ವರ್ಷದ ಹಿಂದೆ
ಸಿ ಭಾಷೆಯಲ್ಲಿ ಬರೆದಿಟ್ಟ ಆರು ಸಾವಿರ ಸಾಲು.

ಸಿ ಏನನ್ನೂ ಕೇಳುವುದಿಲ್ಲ.
ಕೀಲಿಗೊಂಚಲು ಕೈಗಿತ್ತು
ಬೀಡಿ ಹಚ್ಚಲು ಆಚೆ ಹೋಗುವ ವಾಚ್‌ಮನ್ ಹಾಗೆ.
ಯಾವ ಬಾಗಿಲಾದರೂ ತೆರೆ,
ಯಾರ ಗೋಡೆಗಾದರೂ ಮೊಳೆ ಹೊಡಿ,
ಬೆಳಿಗ್ಗೆ ಎಲ್ಲ ಇದ್ದಲ್ಲೇ ಇದ್ದರೆ ನೀನು ಜಾಣೆ.

ಮೊನ್ನೆ ಬಸವೇಶ್ವರನಗರದ ನರ್ಸಿಂಗ್ ಹೋಮಿನಲ್ಲಿ
ಎರಡಕ್ಕೂ ಮೂರಕ್ಕೂ ನಡುವೆ ಲಿಫ್ಟು ನಿಂತಿತು.
ಒಳಗೆ ಡಯಾಲಿಸಿಸ್ ಮುಗಿಸಿದ ಒಬ್ಬ ಮೇಷ್ಟ್ರು,
ಆಯಾ ಮೇರಿಯಮ್ಮ, ಒಂದು ಫ್ಲಾಸ್ಕು.
ಮೂವತ್ತೇಳು ನಿಮಿಷ.
‘ಇದೂ ಒಂದು ರೂಮು ಅಂದ್ಕೊಳ್ಳಿ ಸಾರ್,
ಕಿಟಕಿ ಇಲ್ಲ ಅಷ್ಟೇ’ ಅಂದಳಂತೆ.

ರಾತ್ರಿ ಎರಡರವರೆಗೆ ಲಾಗ್ ಓದಿದೆ.
ಯಾರೋ ಒತ್ತಿ, ರದ್ದಾದ ಒಂದು ಕರೆ.
ಆ ಜಾಗವನ್ನು ಬೇರೆಯದಕ್ಕೆ ಕೊಟ್ಟಾಗಿತ್ತು;
ಒಂದು ಪಾಯಿಂಟರು ಮಾತ್ರ ಇನ್ನೂ
ಅಲ್ಲಿಗೇ ಬೆರಳು ತೋರಿಸುತ್ತಿತ್ತು,
ನಮ್ಮ ಕಂಡಕ್ಟರು ಇವತ್ತಿಗೂ
‘ಯಾರ್ರೀ ಪದ್ಮಶ್ರೀ ಟಾಕೀಸು’ ಎಂದು ಕೂಗುವ ಹಾಗೆ.
ಟಾಕೀಸು ಕೆಡವಿ ಹನ್ನೊಂದು ವರ್ಷ.
ಅಲ್ಲೀಗ ಟೈಲ್ಸ್ ಅಂಗಡಿ.
ಜನ ಇಳಿಯುತ್ತಾರೆ, ಹೇಗೋ ಮನೆ ಸೇರುತ್ತಾರೆ.
ಲಿಫ್ಟಿಗೆ ಆ ‘ಹೇಗೋ’ ಗೊತ್ತಿಲ್ಲ.

ನಸ್ರೀನ್ ಹೊಸಬಳು. ಅಂದಳು:
ರಸ್ಟಿನಲ್ಲಿ ಬರೆದಿದ್ದರೆ ಇದು ಕಂಪೈಲೇ ಆಗ್ತಿರಲಿಲ್ಲ.
ತಿಪ್ಪೇಸ್ವಾಮಿ ರಿಟೈರಾದರೂ ಮಂಗಳವಾರ ಬರುತ್ತಾರೆ. ನಕ್ಕರು:
ತುಕ್ಕು ಹಿಡೀದಿರಲಿ ಅಂತ ಈ ಬೀದಿ ತುಂಬ
ಪೌಡರ್ ಕೋಟಿಂಗ್ ಶೆಡ್ಡುಗಳು,
ನೀನು ತುಕ್ಕಿಗೇ ಮಣೆ ಹಾಕ್ತೀಯಲ್ಲಮ್ಮ.

ಕಲಿತೆ. ಮೂರು ತಿಂಗಳು.
ಆ ಭಾಷೆ ಸಾಲುಸಾಲಿಗೂ ಜವಾಬು ಕೇಳುತ್ತದೆ:
ಇದು ಯಾರದು? ಸ್ವಂತವೋ, ಕೈಗಡವೋ?
ಎಷ್ಟು ಹೊತ್ತಿಗೆ ವಾಪಸ್ಸು?
ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ
ಎಂಬ ಗಾದೆ ಅಲ್ಲಿ ನಡೆಯುವುದಿಲ್ಲ.
ಈರಭದ್ರನನ್ನು ಬಾಗಿಲಲ್ಲೇ ನಿಲ್ಲಿಸಿ ಜೇಬು ತಡಕುತ್ತದೆ.
ಬೈಟು ಕಾಫಿಗೂ ತಕರಾರು:
ಎಷ್ಟು ಜನ ಬೇಕಾದರೂ ಲೋಟ ನೋಡಿ,
ತುಟಿ ಇಡುವವರು ಒಬ್ಬರೇ,
ಆಗ ನೋಡುವವರೂ ಇರಕೂಡದು.
ಒಂದು ಮಧ್ಯಾಹ್ನವಿಡೀ ಜಗಳವಾಡಿ
ಕೊನೆಗೆ ಕಂಡೆ, ತಪ್ಪು ನನ್ನದೇ.
ಮಾರನೆಯ ದಿನವೂ ಜಗಳ; ಅವತ್ತು ತಪ್ಪು ನನ್ನದಲ್ಲ,
ಆದರೂ ಬಗ್ಗಿದ್ದು ನಾನೇ.

ತೂಗಿದೆ. ತಕ್ಕಡಿ ನಿಲ್ಲಲಿಲ್ಲ.
ಹಳೆಯ ಚಿಪ್ಪಿಗೆ ಹೊಸ ಭಾಷೆಯ ಕಂಪೈಲರೇ ಇಲ್ಲ.
ಬೋರ್ಡು ಬದಲಿಸೋಣವೆಂದರೆ ನಾಲ್ಕು ಸಾವಿರ ಲಿಫ್ಟು,
ಒಂದೊಂದಕ್ಕೂ ಒಬ್ಬ ಮನುಷ್ಯ, ಏಣಿ, ಟಾರ್ಚು.
ಮತ್ತೆ ಆ ಆರು ಸಾವಿರ ಸಾಲಿನ ನಡುವೆ
ತಿಪ್ಪೇಸ್ವಾಮಿಯವರ ಒಂದು ಟಿಪ್ಪಣಿ:
‘ಇಲ್ಲಿ ಹನ್ನೆರಡು ಮಿಲಿಸೆಕೆಂಡು ಕಾಯಿ. ತೆಗೆಯಬೇಡ. ಯಶವಂತಪುರ.’
ಯಶವಂತಪುರದಲ್ಲಿ ಏನಾಯಿತು?
ಅವರಿಗೂ ನೆನಪಿಲ್ಲ. ಕೋಡಿಗೆ ನೆನಪಿದೆ.

ಹೊಸ ಭಾಷೆಯಲ್ಲೂ ಮೋಟಾರು ಮುಟ್ಟುವ ಗಳಿಗೆಯಲ್ಲಿ
ಒಂದು ಪದ ಬರೆಯಬೇಕು: ಅನ್‌ಸೇಫ್.
ಇಲ್ಲಿಂದಾಚೆಗೆ ನಿನ್ನ ಕಣ್ಣೇ ನಿನಗೆ ಕಾವಲು, ಎಂದು.
ತಿಪ್ಪೇಸ್ವಾಮಿ ಕನ್ನಡಕ ಏರಿಸಿ ಅದನ್ನು ಓದಿದರು.
‘ನನ್ನ ಆರು ಸಾವಿರವೂ ಈ ಪದದೊಳಗೇ ಇದ್ದವು ಕಣಮ್ಮ.
ಯಾರೂ ಬೋರ್ಡು ಬರೆಸಿ ನೇತುಹಾಕಿರಲಿಲ್ಲ, ಅಷ್ಟೇ.’

ಹೊಸ ಬೋರ್ಡುಗಳು ನಸ್ರೀನ್ ಪಾಲಿಗೆ.
ಹಳೆಯದಕ್ಕೆ ನಾನು ಒಂದೇ ಒಂದು ಸಾಲು ಸೇರಿಸಿದೆ:
ಕರೆ ಅಳಿಸಿದ ಕೂಡಲೇ ಆ ಬೆರಳನ್ನು ಮಡಚು.
ನರ್ಸಿಂಗ್ ಹೋಮಿಗೆ ಹೋಗಿ ನಾನೇ ಹತ್ತಿ ಇಳಿದೆ,
ಇಪ್ಪತ್ತು ಸಲ, ಎಲ್ಲ ಗುಂಡಿ ಒತ್ತಿ, ರದ್ದು ಮಾಡಿ.
ಬಾಗಿಲು ತೆರೆದಾಗಲೆಲ್ಲ ಮಹಡಿ ಸರಿಯಾಗಿತ್ತು.

‘ಸರಿಹೋಯ್ತಾ ಮೇಡಂ?’
‘ಈ ತಪ್ಪು ಸರಿಹೋಯ್ತು’ ಅಂದೆ.
ಮೇರಿಯಮ್ಮ ತಲೆಯಾಡಿಸಿ,
ಫ್ಲಾಸ್ಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು
ಮೆಟ್ಟಿಲು ಹತ್ತಿದಳು.