ಆರನೆಯದು

ಬೀದರಿನ ಸಬ್ ರಿಜಿಸ್ಟ್ರಾರ್ ಕಚೇರಿಯೆದುರು, ಬೇವಿನ ಕೆಳಗೆ
ನನ್ನ ಮೇಜು. ನನ್ನದೇನಲ್ಲ, ಬಾಡಿಗೆಯದು.
ಆದರೂ ಊರಿಗೆಲ್ಲ ಅದು
ವೈಜಿನಾಥಪ್ಪನ ಮೇಜು.

ಹಲೀಮಾಬಿ ಪ್ಲಾಸ್ಟಿಕ್ ಚೀಲದಿಂದ ತೆಗೆದ ಕಾಗದ
ಮಡಿಕೆ ಮಡಿಕೆಯಲ್ಲೂ ಹರಿದಿದೆ.
ಫಸಲಿ ಸಾವಿರದ ಮುನ್ನೂರ ನಲವತ್ತು. ಉರ್ದು.
ಎರಡು ಶಬ್ದದ ಮೇಲೆ ಬೆರಳು ನಿಂತಿತು:
ಚಾಹೆ ಕಾಸಿಮ್.
ಅಲ್ಲಿ ಬಾವಿ ಮೊದಲು, ಮನುಷ್ಯ ಆಮೇಲೆ.
ನಡುವಿನ ಎ ಬಾಯಲ್ಲುಂಟು, ಕಾಗದದಲ್ಲಿಲ್ಲ;
ಬರೆದರೆ ಅಕ್ಷರದ ಕಾಲಡಿ ಒಂದು ಸಣ್ಣ ಗೀರು, ಜೇರ್.
ಅಷ್ಟು ಪುರುಸೊತ್ತು ಯಾವ ಮುನ್ಷಿಗಿತ್ತು?

ಕನ್ನಡಕ್ಕೆ ತರುವಾಗ ಮನುಷ್ಯನನ್ನು ಮುಂದಕ್ಕೆ ಕರೆದೆ,
ಬಾವಿಯನ್ನು ಅವನ ಬೆನ್ನಿಗೆ ನಿಲ್ಲಿಸಿದೆ:
ಕಾಸಿಂಸಾಬನ ಬಾವಿ.
ಖರ್ಚಾದದ್ದು ಒಂದು ಅ.

ಶಾಲೆಯಲ್ಲಿ ಪಂಡಿತರು ಹೇಳುತ್ತಿದ್ದರು:
ಕಡಿಯುವವನು ಒಂದನೆಯವ, ಮರ ಎರಡನೆಯದು,
ಕೊಡಲಿ ಮೂರನೆಯದು, ಎಲ್ಲಕ್ಕೂ ಕೆಲಸವುಂಟು.
ಷಷ್ಠಿ ಮಾತ್ರ ಕಾರಕವಲ್ಲ.
ಕ್ರಿಯಾಪದ ಅದರ ಕಡೆ ತಿರುಗಿಯೂ ನೋಡುವುದಿಲ್ಲ;
ಪಕ್ಕದ ಹೆಸರಿನ ಸೆರಗು ಹಿಡಿದು ನಿಂತಿರುತ್ತದೆ, ಅಷ್ಟೆ.

ನಮ್ಮವ್ವನಿಗೆ ಷಷ್ಠಿ ಅಂದರೆ ಸೆಟಿಗೆವ್ವ.
ಬಾಣಂತಿ ಕೋಣೆಗೆ ರಾತ್ರಿ ಬಂದು
ಕೂಸಿನ ಹಣೆ ಮ್ಯಾಲೆ ಬರೆದು ಹೋಗುವಾಕೆ.
ಆಕೆಯೂ ನನ್ನ ಕಸುಬಿನವಳೇ.
ಫೀಜಿಲ್ಲ. ನಕಲು ಕೊಡುವುದಿಲ್ಲ.

ಮೌಲ್ವಿಸಾಬರು ನಕ್ಕಿದ್ದರು ಒಮ್ಮೆ:
ನೋಡೋ, ಸಂಬಳ ಏರಿದರೆ ಇಜಾಫಾ,
ಹೆಸರಿಗೆ ಹೆಸರು ಕೂಡಿದರೆ ಇಜಾಫತ್.
ಅರಬ್ಬಿಯಲ್ಲಿ ಆ ಎರಡನೇ ಹೆಸರಿಗೆ ಮಜ್ರೂರ್, ಅಂದರೆ
ಎಳೆಸಿಕೊಂಡದ್ದು.
ಮಿಷನ್ ಆಸ್ಪತ್ರೆಯ ಪಾದ್ರಿ ಹೇಳಿದ್ದು ಇನ್ನೊಂದು:
ಗ್ರೀಕರು ಕುಲದ್ದು ಅಂದದ್ದನ್ನು
ರೋಮಿನವರು ಹುಟ್ಟಿನದು ಎಂದು ಬರೆದುಕೊಂಡರಂತೆ.
ತರ್ಜುಮೆಯ ತಪ್ಪು. ಎರಡು ಸಾವಿರ ವರ್ಷ,
ತಿದ್ದುಪಡಿ ಪತ್ರ ಮಾಡಿಸಲು ಯಾರೂ ಬರಲಿಲ್ಲ.

ಖರೀದಿದಾರ ಘಾಳೆಪ್ಪ. ಅವನ ಮಗನಿಗೆ ಅವಸರ:
“ಇನ್ನ ಮ್ಯಾಲ ಘಾಳೆಪ್ಪನ ಬಾವಿ ಅಂತ ಬರೀರಿ.”
ಹಲೀಮಾಬಿ ಪೆನ್ನಿಗೆ ಕೈ ಅಡ್ಡ ಇಟ್ಟಳು.
“ನೀರು ನಿಮ್ದು. ಕಲ್ಲು ನಿಮ್ದು. ಗಾಲಿ, ಹಗ್ಗ, ಒಳಗಿನ ಪಾರಿವಾಳ ಸುದ್ದಾ ನಿಮ್ದೇ.
ನಮ್ಮಜ್ಜನ ಹೆಸರಿಗಿ ನಾ ರೊಕ್ಕ ತೊಗೊಂಡಿಲ್ಲ.”

ಮೇಜಿನ ಮೇಲೆ ಬೇವಿನ ಹಣ್ಣೊಂದು ಬಿತ್ತು.
ಘಾಳೆಪ್ಪ ಅದನ್ನು ಉಗುರಲ್ಲಿ ಸರಿಸಿದ.
“ಇರ್ಲಿ ಬಿಡ್ರಿ. ನಾನೂ ಸಣ್ಣಾವಿದ್ದಾಗ
ಕಾಸಿಂಸಾಬನ ಬಾವ್ಯಾಗೇ ಈಜು ಕಲ್ತೀನಿ.
ಈಗ ಹೆಸರು ಬದಲಾದ್ರ
ಆ ಈಜು ಯಾರ್ದು?”

ಚೆಕ್ಕುಬಂದಿ ಬರೆದೆ. ಪೂರ್ವಕ್ಕೆ ನಾಲೆ, ಪಶ್ಚಿಮಕ್ಕೆ ದಾರಿ.
ಆಮೇಲೆ ಬರೆದೆ:
ಕಾಸಿಂಸಾಬನ ಬಾವಿ ಘಾಳೆಪ್ಪನದು.
ಮತ್ತೊಮ್ಮೆ ಓದಿದೆ. ಎರಡೂ ಕಡೆ ಆರನೆಯದು,
ಕ್ರಿಯಾಪದ ಎಲ್ಲೂ ಇಲ್ಲ,
ಆದರೂ ವಾಕ್ಯ ನಿಂತಿದೆ.

ಆಕೆ ಮಸಿಗೆ ಬೆರಳೊತ್ತಿ ಕೊನೆಯಲ್ಲಿ ಇಟ್ಟಳು.
ಹಸಿ ಗುರುತಿನ ಪಕ್ಕ, ಅಳಿಸದ ಹಾಗೆ ದೂರ ಬಿಟ್ಟು,
ಸಣ್ಣಗೆ ಬರೆದೆ:
ಹಲೀಮಾಬಿಯ